ಜಮೀನು ಹೆಣ್ಣಿನ ಹೆಸರಲ್ಲೇ ಇದೆ, ಆದರೆ ಆಸ್ತಿ ಎಲ್ಲಿ ಹೋಯಿತು? ಮಲೇಷ್ಯಾದ ರೆಂಬಾವ್ ಕೇಳುತ್ತಿರುವ ಪ್ರಶ್ನೆ

ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯದಲ್ಲಿ ರೆಂಬಾವ್ ಅಂತ ಒಂದು ಚಿಕ್ಕ ಜಿಲ್ಲೆ ಇದೆ. ಕ್ವಾಲಾಲಂಪುರದಿಂದ ಮಲಕ್ಕಾ ಕಡೆಗೆ ಹೋಗುವ ಹೆದ್ದಾರಿ ಈ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಪೆಡಾಸ್ ಊರಿನ ಬಿಸಿನೀರ ಬುಗ್ಗೆ ನೋಡುವವರು ಇಳಿಯುತ್ತಾರೆ, ಉಳಿದವರು ಮುಂದೆ ಹೋಗುತ್ತಾರೆ. ಆದರೆ ಇಲ್ಲಿನ ಹಳೇ ಹಳ್ಳಿಗಳ ಜಮೀನಿನ ಹಕ್ಕುಪತ್ರದಲ್ಲಿ ಬೇರೆಲ್ಲೂ ಸುಲಭಕ್ಕೆ ಸಿಗದ ಒಂದು ಮಾತಿದೆ: ಇದು ಅದಾತ್ ಭೂಮಿ, ಅಂದರೆ ಕಟ್ಟಳೆಗೆ ಒಳಪಟ್ಟ ಭೂಮಿ. ಇಂಥ ಭೂಮಿಯನ್ನು ಸರಕಾರಿ ಪಟ್ಟಿಯಲ್ಲಿರುವ ಕುಲಗಳ ಹೆಣ್ಣುಮಕ್ಕಳಿಗಲ್ಲದೆ ಬೇರೆ ಯಾರಿಗೂ ಮಾರುವಂತಿಲ್ಲ, ಗೇಣಿಗೂ ಕೊಡುವಂತಿಲ್ಲ. ಅದರಲ್ಲೂ ಮೊದಲ ಹಕ್ಕು ಅದೇ ತಾಯಿವಂಶದವರಿಗೆ.

ಇವರೆಲ್ಲ ಮುಸ್ಲಿಮರು. ನಮಾಜು, ಉಪವಾಸ, ಹಜ್ ಯಾತ್ರೆ ಎಲ್ಲ ಇದ್ದದ್ದೇ. ಇಸ್ಲಾಮಿನ ಪಾಲು ಹಂಚಿಕೆಯ ನಿಯಮಕ್ಕೆ ಅಲ್ಲಿ ಫರಾಯಿದ್ ಅಂತಾರೆ, ಅದರಲ್ಲಿ ಮಗನಿಗೆ ಮಗಳ ಎರಡರಷ್ಟು ಪಾಲು. ಅದು ಗೊತ್ತಿದ್ದೂ ತಲೆತಲಾಂತರದಿಂದ ಬಂದ ಮನೆ, ಗದ್ದೆ, ತೋಟ ತಾಯಿಯಿಂದ ಮಗಳಿಗೇ ಹೋಗಬೇಕು ಅಂತ ಈ ಜನ ಹಿಡಿದುಕೊಂಡು ಬಂದಿದ್ದಾರೆ. ಹೊರಗಿನಿಂದ ನೋಡುವವರಲ್ಲಿ ಇದರ ಬಗ್ಗೆ ಎರಡು ರೀತಿಯ ಮಾತು ಜಾಸ್ತಿ. ಇದು ಹೆಣ್ಣುಮಕ್ಕಳ ರಾಜ್ಯ ಅನ್ನುವುದು ಒಂದು. ಇದೆಲ್ಲ ಸಾಯುತ್ತಿರುವ ಹಳೇ ಪದ್ಧತಿ ಅನ್ನುವುದು ಇನ್ನೊಂದು. ನನಗೆ ಎರಡೂ ಸರಿ ಅನ್ನಿಸುವುದಿಲ್ಲ. ಕಟ್ಟಳೆ ಸತ್ತಿಲ್ಲ, ಕಾನೂನಿನ ಪುಸ್ತಕದಲ್ಲಿ ಗಟ್ಟಿಯಾಗಿ ಕೂತಿದೆ. ಆದರೆ ಅದು ಕಾಯುತ್ತಿರುವ ಜಮೀನಿನ ಬೆಲೆ ಕರಗಿಹೋಗಿದೆ. ಹೊಸ ಸಂಪಾದನೆಯೆಲ್ಲ ಅದರ ಬೇಲಿಯ ಆಚೆ ಬೆಳೆದಿದೆ. ರೆಂಬಾವ್‌ನ ಇವತ್ತಿನ ಸಮಸ್ಯೆ ಇದು.

ಮೊದಲು ಈ ಜನ ಯಾರು ಅಂತ ನೋಡೋಣ. ಸುಮಾತ್ರಾದ ಪಶ್ಚಿಮ ಭಾಗದಲ್ಲಿ ಮಿನಾಂಗ್ಕಬಾವ್ ಅನ್ನುವ ಜನ ಇದ್ದಾರೆ, ತಾಯಿವಂಶ ಪದ್ಧತಿಗೆ ಜಗತ್ತಿನಲ್ಲೇ ಹೆಸರಾದವರು. ಅವರಲ್ಲಿ ಕೆಲವರು ಕೆಲವು ಶತಮಾನಗಳ ಹಿಂದೆ ಮಲಕ್ಕಾ ಜಲಸಂಧಿ ದಾಟಿ ಈ ಕಣಿವೆಗಳಿಗೆ ಬಂದು ಗದ್ದೆ ಮಾಡಿದರು. ಜೊತೆಗೆ ಅದಾತ್ ಪೆರ್ಪತಿಹ್ ಅನ್ನುವ ಕಟ್ಟಳೆಯನ್ನೂ ತಂದರು. ಇಲ್ಲಿ 12 ಕುಲಗಳು, ಕುಲಕ್ಕೆ ಸುಕು ಅಂತ ಹೆಸರು: ಬಿದುವಂಡ, ಬಾತು ಹಂಪಾರ್, ಪಾಯ ಕುಂಬುಹ್, ಮುಂಗ್ಕಾಲ್, ತಾನಾಹ್ ದತಾರ್ ಹೀಗೆ. ಎಷ್ಟೋ ಹೆಸರುಗಳು ಸುಮಾತ್ರಾದ ಊರುಗಳದ್ದೇ. ಮಗು ತಾಯಿಯ ಸುಕುವಿಗೆ ಸೇರುತ್ತದೆ. ಒಂದೇ ಸುಕುವಿನಲ್ಲಿ ಮದುವೆ ಇಲ್ಲ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ, ಅಲ್ಲಿ ಅವನು ಒರಾಂಗ್ ಸೆಮೆಂಡ, ಅಂದರೆ ಮದುವೆಯಿಂದ ಬಂದವನು. ದುಡಿಯಬೇಕು, ಮರ್ಯಾದೆಯಿಂದ ಇರಬೇಕು, ಆದರೆ ಆ ಮನೆಯ ಮೂಲ ಆಸ್ತಿಯಲ್ಲಿ ಅವನಿಗೆ ಹಕ್ಕಿಲ್ಲ. ಅವನ ಹಕ್ಕು, ಹೊಣೆ ಎಲ್ಲ ಅಕ್ಕತಂಗಿಯರ ಮನೆಯಲ್ಲಿ, ಅಕ್ಕನ ಮಕ್ಕಳ ಜೊತೆಗೆ.

ಕರಾವಳಿಯ ಓದುಗರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ವಂಶ, ಆಸ್ತಿ ತಾಯಿಯ ಕಡೆಯಿಂದ ನಡೆಯುವ ನಮ್ಮ ಅಳಿಯಕಟ್ಟಿನಲ್ಲಿ ಒಬ್ಬ ತಾಯಿ ಮತ್ತು ಅವಳ ಹೆಣ್ಣು ಸಂತಾನದ ಕವಲಿಗೆ ಕವರು ಅಂತಾರಲ್ವಾ, ಹೆಚ್ಚುಕಡಿಮೆ ಅದನ್ನೇ ರೆಂಬಾವ್‌ನವರು ಪೆರುತ್ ಅನ್ನುತ್ತಾರೆ. ಪೆರುತ್‌ಗೆ ಬುವಾಪಾಕ್ ಅನ್ನುವ ಹಿರಿಯ. ಹಲವು ಪೆರುತ್ ಸೇರಿ ಸುಕು, ಅದಕ್ಕೆ ಲೆಂಬಾಗ. ಹಲವು ಸುಕು ಸೇರಿ ಲುವಾಕ್ ಅನ್ನುವ ಸೀಮೆ, ಅದಕ್ಕೆ ಉಂಡಾಂಗ್ ಅನ್ನುವ ಸೀಮೆಯೊಡೆಯ. ಎಲ್ಲದರ ಮೇಲೆ ಯಾಂಗ್ ದಿ-ಪೆರ್ತುವಾನ್ ಬೆಸಾರ್, ರಾಜ್ಯದ ಅರಸ. ಅಧಿಕಾರ ಕೆಳಗಿನಿಂದ ಮೇಲಕ್ಕೆ ಏರುತ್ತದೆ ಅನ್ನುವುದು ಇವರ ನಂಬಿಕೆ. ಮನೆಯವರು ಒಮ್ಮತಕ್ಕೆ ಬಂದರೆ ಬುವಾಪಾಕ್, ಬುವಾಪಾಕರು ಒಮ್ಮತಕ್ಕೆ ಬಂದರೆ ಲೆಂಬಾಗ, ಲೆಂಬಾಗರು ಒಮ್ಮತಕ್ಕೆ ಬಂದರೆ ಉಂಡಾಂಗ್, ಉಂಡಾಂಗರು ಒಮ್ಮತಕ್ಕೆ ಬಂದರೆ ರಾಜ, ಅಂತ ಒಂದು ಹಳೇ ಮಾತೇ ಇದೆ.

ಇದು ಸುಮ್ನೆ ಬಾಯಿಮಾತಲ್ಲ. ಸುಂಗೈ ಉಜೋಂಗ್, ಜೆಲೆಬು, ಜೊಹೊಲ್, ರೆಂಬಾವ್ ಈ ನಾಲ್ಕು ಸೀಮೆಗಳ ಉಂಡಾಂಗರು ಸೇರಿ ರಾಜಮನೆತನದ ಗಂಡಸರಲ್ಲಿ ಒಬ್ಬರನ್ನು ಅರಸನಾಗಿ ಆರಿಸುತ್ತಾರೆ. 2008ರ ಡಿಸೆಂಬರ್‌ನಲ್ಲಿ ತುವಾಂಕು ಜಾಫರ್ ತೀರಿಕೊಂಡಾಗ ಉಂಡಾಂಗರು ಆರಿಸಿದ್ದು ಅವರ ಮಗನನ್ನಲ್ಲ, ಅವರ ಅಣ್ಣನ ಮಗ ತುವಾಂಕು ಮುಹ್ರಿಜ್ ಅವರನ್ನು. 1957ರಲ್ಲಿ ಮಲಯ ಸ್ವತಂತ್ರವಾದಾಗ ಅರಸರೆಲ್ಲ ತಮ್ಮೊಳಗೇ ಒಬ್ಬರನ್ನು ಐದು ವರ್ಷಕ್ಕೆ ದೇಶದ ದೊರೆಯಾಗಿ ಆರಿಸುವ ಪದ್ಧತಿ ಬಂತಲ್ಲ, ಅದಕ್ಕೆ ಮಾದರಿ ಈ ರಾಜ್ಯದ್ದೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮೊದಲ ದೊರೆಯಾದವರೂ ಇಲ್ಲಿನ ತುವಾಂಕು ಅಬ್ದುಲ್ ರಹಮಾನ್, ಮಲೇಷ್ಯಾದ ನೋಟುಗಳ ಮೇಲೆ ಇವತ್ತಿಗೂ ಅವರದ್ದೇ ಮುಖ.

ಇಲ್ಲಿ ಒಂದು ವಿಷಯ ಗಮನಿಸಬೇಕು. ರಾಜಮನೆತನ ತಂದೆಯ ಕಡೆಯಿಂದ ನಡೆಯುತ್ತದೆ. 1773ರಲ್ಲಿ ಸುಮಾತ್ರಾದಿಂದ ಬಂದ ರಾಜ ಮೆಲೆವಾರ್‌ಗೆ ಪಟ್ಟ ಕಟ್ಟಿದ್ದು ರೆಂಬಾವ್‌ನ ಪೆನಾಜಿಸ್‌ನಲ್ಲೇ. ಉಂಡಾಂಗ್ ಪದವಿ ನಡೆಯುವುದು ಮಾತ್ರ ತಾಯಿಯ ಕಡೆಯಿಂದ. ರೆಂಬಾವ್‌ನಲ್ಲಿ ಅದು ಬಿದುವಂಡ ಸುಕುವಿನ ಎರಡು ಕವಲುಗಳ ನಡುವೆ ಸರದಿಯಂತೆ ತಿರುಗುತ್ತದೆ. ಒಂದು ಕವಲಿನವರು ಗದ್ದುಗೆಗೆ ಬಂದರೆ ಸೆದಿಯ ರಾಜ, ಇನ್ನೊಂದರವರು ಬಂದರೆ ಲೆಲ ಮಹಾರಾಜ. ಪದವಿ ಹರಿದುಬರುವುದು ತಾಯಂದಿರ ಮೂಲಕ, ಕೂರುವವನು ಮಾತ್ರ ಗಂಡಸು. ಬುವಾಪಾಕ್, ಲೆಂಬಾಗ ಪದವಿಗಳಲ್ಲೂ ಇದೇ ಕಥೆ. ಹೆಣ್ಣಿನ ಕೈಯಲ್ಲಿ ಜಮೀನು, ಗಂಡಿನ ಕೈಯಲ್ಲಿ ತೀರ್ಮಾನ. ಇದನ್ನು ಹೆಣ್ಣುಮಕ್ಕಳ ರಾಜ್ಯ ಅಂತ ಕರೆಯುವವರು ಈ ಅರ್ಧವನ್ನು ಬಿಟ್ಟೇ ಮಾತಾಡುತ್ತಾರೆ.

ಹಾಗಾದರೆ ಈ ಕಟ್ಟಳೆ ಕಾನೂನಿನೊಳಗೆ ಹೇಗೆ ಬಂತು? ರಬ್ಬರ್‌ನಿಂದ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ರಬ್ಬರ್ ಬೆಲೆ ಏರಿದಾಗ ಮಲಯ ಹಳ್ಳಿಗಳ ಜಮೀನಿಗೆ ಹಠಾತ್ತಾಗಿ ಗಿರಾಕಿಗಳು ಹುಟ್ಟಿದರು. ಬ್ರಿಟಿಷ್ ಆಡಳಿತ ತಂದ ಹಕ್ಕುಪತ್ರದಲ್ಲಿ ಒಬ್ಬ ಮಾಲೀಕರ ಹೆಸರಿರುತ್ತದೆ, ಹೆಸರಿದ್ದವರು ಮಾರಬಹುದು, ಅಡವೂ ಇಡಬಹುದು. ಇಡೀ ಪೆರುತ್‌ನ ಜಮೀನು ಒಬ್ಬರ ಸಹಿಯಿಂದ ಕೈತಪ್ಪುವ ಹಾಗಾಯಿತು. ಆಗ 1909ರಲ್ಲಿ ಕಟ್ಟಳೆ ಭೂಮಿಯ ಕಾಯ್ದೆ ಬಂತು, 1926ರಲ್ಲಿ ಅದನ್ನು ಹೊಸದಾಗಿ ಬರೆದರು. ಹಕ್ಕುಪತ್ರದ ಮೇಲೆ ಅದಾತ್ ಭೂಮಿ ಅಂತ ನಮೂದಿಸುವುದು, ಹೆಣ್ಣುಮಕ್ಕಳಿಗೆ ಮಾತ್ರ ವರ್ಗಾವಣೆ, ಲೆಂಬಾಗರ ಒಪ್ಪಿಗೆ, ಇದೆಲ್ಲ ಅಲ್ಲಿಂದ ಬಂದದ್ದು. ಸ್ವತಂತ್ರ ಮಲಯದ ಸಂವಿಧಾನ ಬರೆದವರೂ ಇದನ್ನು ಮುಟ್ಟಲಿಲ್ಲ. ಅದರ 90ನೇ ವಿಧಿ, ನೆಗೆರಿ ಸೆಂಬಿಲಾನ್ ಮತ್ತು ಮಲಕ್ಕಾದ ಕಟ್ಟಳೆ ಭೂಮಿಯ ವರ್ಗಾವಣೆಗೆ ಕಾನೂನು ಹಾಕಿರುವ ನಿರ್ಬಂಧಗಳಿಗೆ ಸಂವಿಧಾನದಿಂದ ಧಕ್ಕೆ ಇಲ್ಲ ಅನ್ನುತ್ತದೆ. ಮಲಕ್ಕಾದ ನಾನಿಂಗ್ ಪ್ರದೇಶದಲ್ಲೂ ಇದೇ ಕಟ್ಟಳೆ. 1831ರಲ್ಲಿ ತೆರಿಗೆ ವಿಚಾರಕ್ಕೆ ಬ್ರಿಟಿಷರ ಪಡೆಯನ್ನು ಒಮ್ಮೆ ಹಿಂದಕ್ಕೆ ಅಟ್ಟಿದ ದೋಲ್ ಸೈಯದ್ ಆ ನಾನಿಂಗ್‌ನವನೇ.

ಕಾಯ್ದೆ ಇದ್ದಮಾತ್ರಕ್ಕೆ ಕಟ್ಟಳೆ ಉಳಿಯಿತು ಅಂದುಕೊಂಡರೆ ತಪ್ಪಾಗುತ್ತದೆ. 1951ರಲ್ಲಿ ರೆಂಬಾವ್‌ನಲ್ಲೇ ದೊಡ್ಡ ಬಿಕ್ಕಟ್ಟು ಬಂತು. ತಲೆತಲಾಂತರದ ಆಸ್ತಿಯನ್ನೂ ಇಸ್ಲಾಮಿಕ್ ಪಾಲಿನ ಪ್ರಕಾರವೇ ಹಂಚಬೇಕು, ಅದಾತ್ ಪ್ರಕಾರ ಹೆಣ್ಣುಮಕ್ಕಳಿಗಷ್ಟೇ ಕೊಡುವುದು ಧರ್ಮಕ್ಕೆ ವಿರುದ್ಧ ಅಂತ ಸುಧಾರಕರು ಪಟ್ಟುಹಿಡಿದರು. ಸಭೆಗಳಾದವು, ಪದ್ಧತಿ ಬದಲಿಸುವ ಪ್ರಸ್ತಾಪವೂ ಬಂತು. ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ. ಈ ಮಾತಿಗೆ ನೀವು ಬೆಂಬಲ ಕೊಟ್ಟರೆ ನಮಗೆ ನಿಮ್ಮ ಸಂಸಾರವೇ ಬೇಡ, ವಿಚ್ಛೇದನ ಕೊಡಿ ಅಂತ ಗಂಡಂದಿರಿಗೆ ನೇರವಾಗಿ ಹೇಳಿದರು. ಮನೆ ಹೆಂಡತಿಯದ್ದು, ಗದ್ದೆ ಹೆಂಡತಿಯದ್ದು. ವಿಚ್ಛೇದನ ಆದರೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಡಬೇಕಾದವನು ಗಂಡ. ಕೊನೆಗೆ ಪ್ರಸ್ತಾಪ ಬಿದ್ದುಹೋಯಿತು. ಸಂವಿಧಾನದ 90ನೇ ವಿಧಿ ಬಂದದ್ದು ಇದಾಗಿ ಆರು ವರ್ಷದ ಮೇಲೆ. ಅಷ್ಟರೊಳಗೆ ಕಟ್ಟಳೆಯನ್ನು ಕಾಪಾಡಿಕೊಂಡವರು ಈ ಹೆಂಗಸರು. ಇತಿಹಾಸದಲ್ಲಿ ಅವರಿಗೆ ಸಿಗಬೇಕಾದಷ್ಟು ಜಾಗ ಇನ್ನೂ ಸಿಕ್ಕಿಲ್ಲ ಅನ್ನುವುದು ನನ್ನ ಬೇಸರ.

ಆ ಮಾತಿಗೆ ಅಷ್ಟು ತೂಕ ಎಲ್ಲಿಂದ ಬಂತು ಅಂತ ಯೋಚಿಸಿ. ಗದ್ದೆ ಅವತ್ತು ನಿಜವಾದ ಆಸ್ತಿಯಾಗಿತ್ತು. ವರ್ಷದ ಅನ್ನ ಅಲ್ಲಿಂದ ಬರುತ್ತಿತ್ತು. ಗದ್ದೆ ಇದ್ದವಳಿಗೆ ಗಂಡ ಬಿಟ್ಟುಹೋದರೂ ಮಕ್ಕಳನ್ನು ಸಾಕುವ ದಾರಿ ಇತ್ತು.

ಈಗ ಆ ಗದ್ದೆಗಳು ಹೇಗಿವೆ? 1970ರ ದಶಕದಿಂದ ಈಚೆಗೆ ರೆಂಬಾವ್, ಕ್ವಾಲಾ ಪಿಲಾ ಕಡೆ ಭತ್ತ ಬೆಳೆಯುವುದು ಕುಸಿಯುತ್ತಾ ಬಂತು. ಭತ್ತದಿಂದ ಗಿಟ್ಟುವುದು ಕಡಿಮೆ, ಕೂಲಿಗೆ ಜನ ಇಲ್ಲ, ಮಕ್ಕಳೆಲ್ಲ ಸೆರೆಂಬಾನ್, ಕ್ವಾಲಾಲಂಪುರದಲ್ಲಿ ಕೆಲಸಕ್ಕೆ. ಎಷ್ಟೋ ಗದ್ದೆಗಳಲ್ಲಿ ಪೊದೆ ಬೆಳೆದಿದೆ, ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುವ ಮನೆಗಳಿವೆ. ಒಂದು ಕಾಲಕ್ಕೆ ಈ ಕಣಿವೆಗಳ ಹೆಂಗಸರೇ ನಾಟಿ ಮಾಡಿ, ಕಳೆ ತೆಗೆದು, ಕೊಯ್ದು ತುಂಬಿಸುತ್ತಿದ್ದ ಕಣಜಗಳು. ಈಗ ಅಕ್ಕಿ ಅಂಗಡಿಯಿಂದ ಬರುತ್ತದೆ.

ಇನ್ನು ಹೊಸ ಆಸ್ತಿ. ರಬ್ಬರ್ ತೋಟಗಳಲ್ಲಿ ಎಷ್ಟೋ ಗಂಡಸರು ಹೊಸ ಜಾಗದಲ್ಲಿ ಮಾಡಿದ್ದು, ಅವರ ಹೆಸರಿನಲ್ಲೇ ದಾಖಲಾದದ್ದು. ಅದು ತಲೆತಲಾಂತರದ ಭೂಮಿ ಅಲ್ಲ, ಗಳಿಸಿದ ಆಸ್ತಿ. 1956ರಲ್ಲಿ ಫೆಲ್ಡ ಅನ್ನುವ ಸರಕಾರಿ ಭೂ ಅಭಿವೃದ್ಧಿ ಸಂಸ್ಥೆ ಶುರುವಾಗಿ ಕಾಡು ಕಡಿದು, ಭೂಮಿ ಇಲ್ಲದ ಕುಟುಂಬಗಳನ್ನು ರಬ್ಬರ್, ತಾಳೆ ತೋಟಗಳಲ್ಲಿ ನೆಲೆಗೊಳಿಸಿತು. ಇದೇ ರಾಜ್ಯದ ಜೆಂಪೋಲ್ ಜಿಲ್ಲೆಯಲ್ಲಿ ಅಂಥ ದೊಡ್ಡ ದೊಡ್ಡ ನೆಲೆಗಳಿವೆ. ಆದರೆ ಆ ಯೋಜನೆಯಲ್ಲಿ ವಸತಿಗಾರ ಅಂದರೆ ಗಂಡಸು, ಬಹಳ ವರ್ಷ ಜಮೀನು ಗಂಡನ ಹೆಸರಿಗೇ ಹೋಯಿತು. ತಾಯಿವಂಶದ ನಾಡಿನಲ್ಲೇ ಸರಕಾರ ತನ್ನ ಕೈಯಾರೆ ಹಂಚಿದ ಭೂಮಿ ಗಂಡಸಿನದ್ದಾಯಿತು! ಆಮೇಲೆ ಬಂದ ಸಂಬಳ, ಭವಿಷ್ಯನಿಧಿ, ಸೆರೆಂಬಾನ್‌ನ ಬಡಾವಣೆಯ ಮನೆ, ಇವೂ ಅದಾತ್ ಭೂಮಿಯಲ್ಲ. ಮಾಲೀಕರು ಸತ್ತ ಮೇಲೆ ಇವೆಲ್ಲ ಫರಾಯಿದ್ ಪಾಲಿಗೆ ಬರುತ್ತವೆ.

ಲೆಕ್ಕ ಹಾಕಿ ನೋಡಿ. ಕಟ್ಟಳೆ ಕಾಯುವುದು ಪೊದೆ ಬೆಳೆದ ಗದ್ದೆಯನ್ನು, ಮುಚ್ಚಿದ ಮರದ ಮನೆಯನ್ನು. ಬೆಲೆಬಾಳುವ ಮಿಕ್ಕದ್ದು ಬೇರೆ ನಿಯಮಕ್ಕೆ ಹೋಗಿದೆ. ರೆಂಬಾವ್‌ನ ಮಗಳಿಗೆ ಅಜ್ಜಿಯಿಂದ ಬಂದ ಹಕ್ಕು ಕಾಗದದಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ. ಅಜ್ಜಿಗೆ ಅದರಿಂದ ಇದ್ದ ಧೈರ್ಯ ಮಾತ್ರ ಅವಳಿಗೆ ಅಲ್ಲಿಂದ ಸಿಗುವುದಿಲ್ಲ.

ಅದೇ ಜಮೀನನ್ನು ದುಡಿಸಿಕೊಳ್ಳೋಣ ಅಂದರೆ ಇನ್ನೊಂದು ತೊಡಕು. ಒಬ್ಬ ಅಜ್ಜಿಯ ಹಕ್ಕುಪತ್ರದಲ್ಲಿ ಮೂರು ತಲೆಮಾರು ಕಳೆಯುವಷ್ಟರಲ್ಲಿ ಹತ್ತಾರು ಹೆಸರು ಸೇರಬಹುದು. ಒಬ್ಬಳು ಸಿಂಗಪುರದಲ್ಲಿ, ಇನ್ನೊಬ್ಬಳು ಜೊಹೊರ್‌ನಲ್ಲಿ, ಮತ್ತೊಬ್ಬಳು ತೀರಿಕೊಂಡಿದ್ದಾಳೆ, ಅವಳ ಮಕ್ಕಳ ಹೆಸರು ಇನ್ನೂ ಏರಿಲ್ಲ. ಎಲ್ಲರ ಸಹಿ ಇಲ್ಲದೆ ಏನೂ ಆಗುವುದಿಲ್ಲ. ಸಾಲ ಕೇಳಲು ಹೋದರೆ ಅಲ್ಲೂ ಕಷ್ಟ, ಯಾಕಂದರೆ ಪಟ್ಟಿಯಲ್ಲಿರುವ ಕುಲದ ಹೆಂಗಸರಿಗೆ ಮಾತ್ರ ಮಾರಬಹುದಾದ ಜಮೀನಿಗೆ ಬ್ಯಾಂಕಿನ ಕಣ್ಣಲ್ಲಿ ಬೆಲೆ ಕಡಿಮೆ. ಒಂದು ಕಾಲಕ್ಕೆ ಜಮೀನನ್ನು ಉಳಿಸಿದ ಷರತ್ತೇ ಈಗ ಅದು ಪಾಳು ಬೀಳಲು ಒಂದು ಕಾರಣ.

ವಂಶದ ಲೆಕ್ಕವೂ ಜಟಿಲವಾಗುತ್ತಿದೆ. ರೆಂಬಾವ್‌ನ ಹುಡುಗ ಹೊರಗಿನ ಹುಡುಗಿಯನ್ನು ಮದುವೆಯಾದರೆ ಮಕ್ಕಳಿಗೆ ಸುಕು ಇಲ್ಲ. ರೆಂಬಾವ್‌ನ ಹುಡುಗಿ ಹೊರಗಿನವನನ್ನು ಮದುವೆಯಾದರೆ ಮಕ್ಕಳಿಗೆ ಸುಕು ಇದೆ, ಆದರೆ ನಗರದ ಫ್ಲ್ಯಾಟಿನಲ್ಲಿ ಬೆಳೆದ ಆ ಮಕ್ಕಳಿಗೆ ತಮ್ಮ ಬುವಾಪಾಕ್ ಯಾರು ಅಂತಲೇ ಗೊತ್ತಿರುವುದಿಲ್ಲ. ಹೊರಗಿನವರನ್ನು ಕುಲಕ್ಕೆ ಸೇರಿಸಿಕೊಳ್ಳುವ ಕದಿಮ್ ಅನ್ನುವ ವಿಧಿ ಇದೆ. ಹಿರಿಯರ ಎದುರು, ನೆಂಟರಿಷ್ಟರ ಎದುರು, ಊಟ ಹಾಕಿಸಿ ಮಾಡುವ ಕಾರ್ಯ ಅದು. ಕಟ್ಟಳೆಯೊಳಗೇ ಇರುವ ಒಳ್ಳೇ ಬಾಗಿಲು. ಅದನ್ನು ಮದುವೆಯ ಹೊತ್ತಿನ ಶಾಸ್ತ್ರಕ್ಕಷ್ಟೇ ಬಳಸದೆ ಇನ್ನೂ ಅಗಲವಾಗಿ ತೆರೆಯಬೇಕು ಅಂತ ನನಗನ್ನಿಸುತ್ತದೆ.

ಇಷ್ಟೆಲ್ಲ ತೊಡಕಿದ್ದರೆ ಕಾಯ್ದೆಯನ್ನೇ ತೆಗೆದುಬಿಡಿ, ಮಾರುಕಟ್ಟೆಗೆ ಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೆರೆಂಬಾನ್, ಪೋರ್ಟ್ ಡಿಕ್ಸನ್ ಸುತ್ತಮುತ್ತ ದೊಡ್ಡ ಅಭಿವೃದ್ಧಿ ಯೋಜನೆಗಳು ಹರಡುತ್ತಿರುವ ಹೊತ್ತಿನಲ್ಲಿ ನಿರ್ಬಂಧ ತೆಗೆದರೆ ಮೊದಲು ಕೈಬಿಡುವವರು ತೀರಾ ಕಷ್ಟದಲ್ಲಿರುವ ಮನೆಯವರು. ಹಳ್ಳಿಯಲ್ಲೇ ಉಳಿದ ವಯಸ್ಸಾದ ಹೆಂಗಸರಿಗೆ, ಗಂಡನಿಂದ ಬೇರೆಯಾಗಿ ಊರಿಗೆ ಮರಳಿದ ಮಗಳಿಗೆ ಆ ಅಜ್ಜಿಮನೆ ಇವತ್ತಿಗೂ ತಲೆಯ ಮೇಲಿನ ಸೂರು. ಮಾರಲಾಗದ ಜಮೀನು ಅಂದರೆ ಯಾರೂ ಒಕ್ಕಲೆಬ್ಬಿಸಲಾಗದ ಜಮೀನು ಕೂಡ.

ನಮ್ಮ ಕರಾವಳಿಯ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಳಿಯಕಟ್ಟಿನ ಕುಟುಂಬಗಳಿಗೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಾಗುವ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮುಂದಿನ ತಲೆಮಾರುಗಳನ್ನು ಬೇರೆ ಲೆಕ್ಕಕ್ಕೆ ತಂದಿತು. ಭೂಸುಧಾರಣೆ ದೊಡ್ಡ ಹಿಡುವಳಿಗಳನ್ನೇ ಬದಲಿಸಿತು, ಅದರಿಂದ ಗೇಣಿದಾರರಿಗೆ ನ್ಯಾಯವೂ ಸಿಕ್ಕಿತು. ಕುಟುಂಬದ ಮನೆ, ದೈವದ ಕಾರ್ಯ, ಬಳಿ ಅನ್ನುವ ತಾಯಿಯ ಕಡೆಯ ಕುಲ ಇವೆಲ್ಲ ಉಳಿದವು. ತಾಯಿಯಿಂದ ಮಗಳಿಗೆ ಹೋಗುವ ಜಮೀನಿನ ಭದ್ರತೆ ಮಾತ್ರ ಕಾನೂನಿನಲ್ಲಿ ಉಳಿಯಲಿಲ್ಲ. ರೆಂಬಾವ್‌ನಲ್ಲಿ ಆಗಿರುವುದು ಇದರ ತಿರುವುಮುರುವು. ಅಲ್ಲಿ ಕಾನೂನು ಗಟ್ಟಿಯಾಗಿ ಉಳಿದಿದೆ, ಅದರೊಳಗಿನ ಬದುಕು ಸಡಿಲವಾಗಿದೆ. ಒಮ್ಮೆ ಬಿಟ್ಟುಕೊಟ್ಟ ಮೇಲೆ ಇದನ್ನು ಮತ್ತೆ ಕಟ್ಟಲಾಗದು ಅನ್ನುವುದಕ್ಕೆ ನಾವೇ ಸಾಕ್ಷಿ.

ಹಾಗಂತ ಇದ್ದಂತೆಯೇ ಇರಲಿ ಅಂತಲೂ ಅಲ್ಲ. ಕಾಯ್ದೆಯನ್ನು ಇಟ್ಟುಕೊಂಡೇ ಅದರ ಒಳಗಿನ ಕೆಲವು ಗಂಟುಗಳನ್ನು ಬಿಚ್ಚಬಹುದು. ಮಾಲೀಕತ್ವ ಹೆಣ್ಣುಮಕ್ಕಳಲ್ಲೇ ಉಳಿಸಿಕೊಂಡು ಬೇಸಾಯಕ್ಕೆ ಇಷ್ಟು ವರ್ಷ ಅಂತ ಗುತ್ತಿಗೆ ಕೊಡುವ ಅವಕಾಶ ಮಾಡಬಹುದು. ಒಂದು ಪೆರುತ್‌ನ ಹೆಂಗಸರೆಲ್ಲ ಸೇರಿ ಸಹಕಾರ ಸಂಘದ ಹಾಗೆ ಒಟ್ಟಿಗೆ ಬೇಸಾಯ ಮಾಡಿಸಬಹುದು. ಎಲ್ಲರ ಸಹಿಯ ಬದಲು ಬಹುಮತದ ಸಹಿ ಸಾಕು ಅನ್ನಬಹುದು. ಇದ್ಯಾವುದಕ್ಕೂ ಕಟ್ಟಳೆಯ ಬೇರು ಕೀಳಬೇಕಾಗಿಲ್ಲ.

ಆದರೆ ಇದನ್ನು ತೀರ್ಮಾನಿಸುವವರು ಯಾರು? ಲೆಂಬಾಗ, ಉಂಡಾಂಗ್, ರಾಜ್ಯ ಸರಕಾರ. ಹಕ್ಕುಪತ್ರದಲ್ಲಿ ಹೆಸರಿರುವ ಹೆಂಗಸರಿಗೆ ಮೇಲಿನ ಸಭೆಗಳಲ್ಲಿ ಕುರ್ಚಿ ಇಲ್ಲ. ಮನೆಯೊಳಗೆ ಅವರ ಮಾತು ನಡೆಯುತ್ತದೆ ನಿಜ, ತಾಯಂದಿರು ಒಪ್ಪದ ಬುವಾಪಾಕ್‌ಗೆ ಕೆಲಸ ಮಾಡುವುದು ಕಷ್ಟ ಅನ್ನುವುದೂ ನಿಜ. ಆದರೆ ಜಮೀನಿನ ಕಾನೂನು ತಿದ್ದುವಂಥ ವಿಷಯದಲ್ಲಿ ಮನೆಯೊಳಗಿನ ಮಾತು ಸಾಲದು.

ಪದವಿಗಳ ಜಗಳ ಇದರ ಮೇಲೆ ಇನ್ನೊಂದು ಭಾರ. ಉಂಡಾಂಗ್ ಯಾರಾಗಬೇಕು, ಯಾವ ಕವಲಿನ ಸರದಿ ಅನ್ನುವ ವಿವಾದಗಳು ಹಿಂದಿನಿಂದಲೂ ಇವೆ. ಜೆಲೆಬು ಸೀಮೆಯ ಇಂಥದ್ದೊಂದು ವಿವಾದ 1980ರ ಹೊತ್ತಿಗೆ ದೇಶದ ಫೆಡರಲ್ ಕೋರ್ಟ್‌ವರೆಗೂ ಹೋಗಿತ್ತು. ಇಂಥ ಪ್ರಶ್ನೆಗಳು ರಾಜ್ಯ ಸಂವಿಧಾನ ಹೇಳಿದ ರೀತಿಯಲ್ಲಿ ಅಲ್ಲೇ ಬಗೆಹರಿಯಬೇಕು ಅನ್ನುವುದು ದೇಶದ ಸಂವಿಧಾನದ ಆಶಯ, ಅದಕ್ಕಾಗಿ ಅರಸ ಮತ್ತು ಉಂಡಾಂಗರು ಕೂರುವ ದೆವಾನ್ ಕೆಅದಿಲಾನ್ ದಾನ್ ಉಂಡಾಂಗ್ ಅನ್ನುವ ಮಂಡಳಿ ಇದೆ. ಗೌರವದ ಪದವಿ, ಜಗಳ ಆಗುವುದು ಸಹಜ. ಆದರೆ ಸುದ್ದಿಯಲ್ಲಿ ಅದಾತ್ ಅಂದರೆ ಬರೀ ಗದ್ದುಗೆ, ಪೇಟ, ಮೆರವಣಿಗೆ ಅಂತಾಗಿಬಿಟ್ಟರೆ ಪಾಳುಬಿದ್ದ ಗದ್ದೆಯ ಬಗ್ಗೆ, ಏರದ ಹೆಸರುಗಳ ಬಗ್ಗೆ ಮಾತಾಡುವವರು ಯಾರು?

ಈ ಕಟ್ಟಳೆಯ ಹಳೇ ಮಾತೊಂದಿದೆ, ಮದುವೆ ಮುರಿದಾಗ ಆಸ್ತಿ ಹಂಚುವ ಬಗ್ಗೆ: ಇಬ್ಬರೂ ಗಳಿಸಿದ್ದು ಪಾಲಾಗಲಿ, ಹೆಂಡತಿಯ ಕಡೆಯದು ಅಲ್ಲೇ ಉಳಿಯಲಿ, ಗಂಡ ತಂದದ್ದು ಅವನ ಜೊತೆ ವಾಪಸು ಹೋಗಲಿ. ಇದರ ಮೊದಲ ಭಾಗವನ್ನೇ ಹೋಲುವ ನಿಯಮ ಇವತ್ತು ಮಲೇಷ್ಯಾದ ಷರಿಯಾ ಕೋರ್ಟುಗಳಲ್ಲೂ ನಡೆಯುತ್ತದೆ, ಅದಕ್ಕೆ ಹರ್ತ ಸೆಪೆಂಚಾರಿಯಾನ್ ಅಂತ ಹೆಸರು. ಗಂಡನ ಹೆಸರಿನಲ್ಲೇ ಇದ್ದರೂ ಸಂಸಾರ ನಡೆಸುತ್ತಾ ಕೂಡಿ ಗಳಿಸಿದ ಆಸ್ತಿಯಲ್ಲಿ ಹೆಂಡತಿ ಪಾಲು ಕೇಳಬಹುದು. ಮಲಯ ಕಟ್ಟಳೆಯಿಂದಲೇ ಬೆಳೆದು ಬಂದ ನಿಯಮ ಇದು. ಜೊತೆಗೆ ಹಿಬಾ ಇದೆ, ಬದುಕಿದ್ದಾಗಲೇ ದಾನವಾಗಿ ಕೊಡುವುದು. ಇಸ್ಲಾಮಿನಲ್ಲಿ ಅದಕ್ಕೆ ತಡೆಯಿಲ್ಲ. ತಾಯಿಯೊಬ್ಬಳು ಸೆರೆಂಬಾನ್‌ನಲ್ಲಿ ಸ್ವಂತ ದುಡ್ಡಲ್ಲಿ ಕೊಂಡ ಮನೆಯನ್ನು ಬದುಕಿರುವಾಗಲೇ ಹಿಬಾ ಮಾಡಿ ಮಗಳ ಹೆಸರಿಗೆ ಬರೆದರೆ ಅದು ಫರಾಯಿದ್ ಪಾಲಿಗೆ ಹೋಗುವುದಿಲ್ಲ. ಧರ್ಮ, ಕಟ್ಟಳೆ ಎರಡಕ್ಕೂ ಒಪ್ಪುವ ದಾರಿ ಇದು, 1951ರಲ್ಲಾದ ಹಾಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾದ ಕಷ್ಟ ಇಲ್ಲಿಲ್ಲ. ಆದರೆ ಅದಾತ್ ಭೂಮಿಗೆ ಕಾಯ್ದೆ ತಾನಾಗಿ ಮಾಡುವ ಕೆಲಸವನ್ನು ಇಲ್ಲಿ ಒಬ್ಬೊಬ್ಬ ತಾಯಿಯೂ ತಾನೇ ಕಚೇರಿಗೆ ಹೋಗಿ ಕಾಗದ ಮಾಡಿಸಬೇಕು. ಆ ಕಾಗದದ ಬಗ್ಗೆ ಹಳ್ಳಿ ಹಳ್ಳಿಯಲ್ಲಿ ತಿಳಿಸಿ ಹೇಳುವ ಕೆಲಸವನ್ನು ಲೆಂಬಾಗರು, ಬುವಾಪಾಕರು ಇವತ್ತೇ ಶುರುಮಾಡಬಹುದು, ಅದಕ್ಕೆ ಯಾವ ತಿದ್ದುಪಡಿಗೂ ಕಾಯಬೇಕಾಗಿಲ್ಲ.